ಸಂತ ಜಾರ್ಜ್ ನಿಜವಾಗಲೂ ಡ್ರ್ಯಾಗನ್ ಕೊಂದಿದ್ದನಾ?

ಪ್ರಶ್ನೆ: ಬಿಳಿ ಕುದುರೆ ಏರಿ, ಈಟಿಯಿಂದ ಡ್ರ್ಯಾಗನ್ ತಿವಿಯುವ ಸಂತ ಜಾರ್ಜನ ಚಿತ್ರ ಚರ್ಚುಗಳಲ್ಲಿ ನೋಡಿದ್ದೇನೆ. ಇಂಥವನೊಬ್ಬ ನಿಜವಾಗಿ ಇದ್ದನಾ, ಇಲ್ಲಾ ಎಲ್ಲವೂ ಕಟ್ಟುಕಥೆಯಾ?

ಉತ್ತರ: ಮನುಷ್ಯ ಇದ್ದಿರಬಹುದು. ಡ್ರ್ಯಾಗನ್ ಮಾತ್ರ ಆತ ಸತ್ತು ಸುಮಾರು ಏಳುನೂರು ವರ್ಷದ ಮೇಲೆ ಕಥೆಗೆ ಸೇರಿಕೊಂಡದ್ದು.

ಸಂಪ್ರದಾಯದ ಪ್ರಕಾರ ಜಾರ್ಜ್ ರೋಮನ್ ಸೈನ್ಯದ ಅಧಿಕಾರಿ. ಮನೆತನದ ಮೂಲ ಇಂದಿನ ಟರ್ಕಿಯ ಕಪಡೋಕಿಯಾ. ಕ್ರಿ.ಶ. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಚರ್ಚುಗಳನ್ನು ಕೆಡವಿ, ಗ್ರಂಥಗಳನ್ನು ಸುಡಿ ಎಂದು ಆಜ್ಞೆ ಹೊರಡಿಸಿದ. ಜಾರ್ಜ್ ನಂಬಿಕೆ ಬಿಡಲಿಲ್ಲ, ತಲೆ ಕೊಟ್ಟ. ಆತನ ಸಮಾಧಿ ಎಂದು ತೋರಿಸುವ ಜಾಗ ಇಸ್ರೇಲಿನ ಲೋಡ್ ಪಟ್ಟಣದಲ್ಲಿದೆ. 6ನೇ ಶತಮಾನದ ಹೊತ್ತಿಗೇ ಯಾತ್ರಿಕರು ಅಲ್ಲಿಗೆ ಹೋಗುತ್ತಿದ್ದರು. ಡಯೊಕ್ಲೀಷಿಯನ್ ಕಾಲದಲ್ಲೇ ಬದುಕಿದ್ದ ಚರಿತ್ರೆಕಾರ ಯುಸೀಬಿಯಸ್, ಆ ಆಜ್ಞೆಯ ಪತ್ರವನ್ನು ಎಲ್ಲರೆದುರು ಹರಿದು ಹಾಕಿದ ಒಬ್ಬ ಗಣ್ಯನ ವಿಷಯ ಬರೆದಿದ್ದಾನೆ. ಹೆಸರು ಹೇಳಿಲ್ಲ. ಅವನೇ ಜಾರ್ಜ್ ಅಂತ ಕೆಲವರ ವಾದ. ನನಗದು ಸುಮ್ನೆ ಗಂಟು ಹಾಕಿದ ಹಾಗೆ ಕಾಣುತ್ತದೆ.

ಹಳೆಯ ಕಥೆಗಳಲ್ಲಿ ಪ್ರಾಣಿಯೇ ಇಲ್ಲ, ಬರೀ ಚಿತ್ರಹಿಂಸೆ. ಜಾರ್ಜ್ ಮೂರು ಸಲ ಸತ್ತು ಮೂರು ಸಲವೂ ಎದ್ದು ಬರುತ್ತಾನೆ! ಇದು ಜಾಸ್ತಿಯಾಯಿತು ಅಂತ ಆಗಿನ ಚರ್ಚಿನವರಿಗೂ ಅನ್ನಿಸಿರಬೇಕು. ನಂಬಲರ್ಹವಲ್ಲದ ಪುಸ್ತಕಗಳ ಹಳೆಯ ಲ್ಯಾಟಿನ್ ಪಟ್ಟಿಯೊಂದರಲ್ಲಿ ಈ ಕಥೆಯೂ ಇದೆ.

ಜಾರ್ಜಿಯಾ ದೇಶದ ಹಳೆಯ ಚಿತ್ರಗಳಲ್ಲಂತೂ ಕುದುರೆಯ ಕಾಲಡಿ ಬಿದ್ದಿರುವುದು ಮನುಷ್ಯ, ಕ್ರೈಸ್ತರನ್ನು ಕಾಡಿದ ಚಕ್ರವರ್ತಿ. ಡ್ರ್ಯಾಗನ್ ಕೊಲ್ಲುವ ಕೆಲಸ ಮೊದಲಿಗೆ ಥಿಯೊಡೋರ್ ಎಂಬ ಇನ್ನೊಬ್ಬ ಯೋಧ ಸಂತನದ್ದು. 11ನೇ ಶತಮಾನದ ಸುಮಾರಿಗೆ ಅದು ಜಾರ್ಜನ ಪಾಲಿಗೆ ಬಂತು.

13ನೇ ಶತಮಾನದಲ್ಲಿ ಯುರೋಪಿನಲ್ಲಿ ಹಬ್ಬಿದ ಕಥೆ ಓದಿದರೆ ನಮಗೆ ಬಕಾಸುರ ನೆನಪಾಗದೆ ಇರುವುದಿಲ್ಲ. ಲಿಬಿಯಾದ ಸಿಲೀನ್ ಎಂಬ ಊರು, ಪಕ್ಕದ ಕೆರೆಯಲ್ಲಿ ಡ್ರ್ಯಾಗನ್. ದಿನಕ್ಕೆ ಎರಡು ಕುರಿ ಕೊಡಬೇಕು. ಕುರಿ ಮುಗಿಯುತ್ತಾ ಬಂದಾಗ ಚೀಟಿ ಎತ್ತಿ ಮಕ್ಕಳನ್ನು ಕಳಿಸುತ್ತಾರೆ. ಒಂದು ದಿನ ರಾಜನ ಮಗಳ ಸರದಿ. ಜಾರ್ಜ್ ಅದನ್ನು ಈಟಿಯಿಂದ ತಿವಿಯುತ್ತಾನೆ, ಆದರೆ ಕೊಲ್ಲುವುದಿಲ್ಲ. ನಿನ್ನ ಸೊಂಟಪಟ್ಟಿ ಅದರ ಕುತ್ತಿಗೆಗೆ ಕಟ್ಟು ಅನ್ನುತ್ತಾನೆ. ಡ್ರ್ಯಾಗನ್ ಸಾಕಿದ ನಾಯಿಯಂತೆ ರಾಜಕುಮಾರಿಯ ಹಿಂದೆ ಊರೊಳಗೆ ಬರುತ್ತದೆ, ಜನ ದಿಕ್ಕಾಪಾಲು! ನೀವೆಲ್ಲ ದೀಕ್ಷಾಸ್ನಾನ ಪಡೆದರೆ ಇದನ್ನು ಕೊಲ್ಲುತ್ತೇನೆ ಎಂದು ಆಮೇಲೆ ಮಾತು. ಭೀಮ ಇಂಥ ಷರತ್ತು ಹಾಕಿರಲಿಲ್ಲ, ಅಲ್ವಾ?

ಜಾರ್ಜ್ ಇಂಗ್ಲೆಂಡಿಗೆ ಕಾಲಿಟ್ಟದ್ದಕ್ಕೆ ಆಧಾರವಿಲ್ಲ. ಆದರೂ 1348ರ ಸುಮಾರಿಗೆ ಅಲ್ಲಿನ ರಾಜ ಮೂರನೇ ಎಡ್ವರ್ಡ್ ತನ್ನ ಗಾರ್ಟರ್ ಯೋಧಕೂಟಕ್ಕೆ ಆತನನ್ನೇ ರಕ್ಷಕನನ್ನಾಗಿ ಆರಿಸಿಕೊಂಡ. ಚೆನ್ನೈನ ಫೋರ್ಟ್ ಸೇಂಟ್ ಜಾರ್ಜ್‌ಗೂ ಇದೇ ಸಂತನ ಹೆಸರು. ಇಥಿಯೋಪಿಯಾದ ಲಾಲಿಬೆಲದಲ್ಲಿ ಒಂದೇ ಬಂಡೆ ಕೊರೆದು ಶಿಲುಬೆಯಾಕಾರದಲ್ಲಿ ಕಟ್ಟಿದ ಚರ್ಚೂ ಆತನದೇ. ಬೆತ್ಲೆಹೆಮ್ ಬಳಿಯ ಅಲ್-ಖದರ್ ಊರಿನ ಜಾರ್ಜನ ಚರ್ಚಿಗೆ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಕೇರಳದಲ್ಲಿ ಆತ ಹಾವಿನ ಭಯ ಕಳೆಯುವ ಸಂತ. ಪುದುಪ್ಪಳ್ಳಿ, ಎಡತ್ವಾ ಚರ್ಚುಗಳ ಹಬ್ಬಕ್ಕೆ ಬೇರೆ ಧರ್ಮದವರೂ ಸೇರುತ್ತಾರೆ.

1969ರಲ್ಲಿ ಪೋಪ್ ಆತನನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದರು ಅನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಅದು ಸುಳ್ಳು. ಏಪ್ರಿಲ್ 23ರ ಸ್ಮರಣೆಯನ್ನು ಇಷ್ಟವಿದ್ದವರು ಆಚರಿಸಬಹುದು ಎಂದು ಮಾಡಿದರು, ಅಷ್ಟೇ.