ಪದ ಪರಿಚಯ: ಹಸಿರು ‘ಪ್ರಮಾಣಪತ್ರ’ ಅಳತೆಯೋ, ಆಣೆಯೋ?

ಮೊನ್ನೆ ಒಂದು ಅಪಾರ್ಟ್‌ಮೆಂಟ್ ಬ್ರೋಷರ್ ಕೈಗೆ ಬಂತು. ಆ ಕಟ್ಟಡಕ್ಕೆ ಸರ್ಕಾರದ ಪ್ಲಾಟಿನಂ ಹಸಿರು ಪ್ರಮಾಣಪತ್ರ ಸಿಕ್ಕಿದೆಯಂತೆ. ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತದಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿದರೆ, ಮನೆ ಕೈಗೆ ಸಿಗುವುದು ಮೂರು ವರ್ಷ ಬಿಟ್ಟು. ಪಾಯ ತೋಡಿದ ಫೋಟೋ ಕೂಡ ಹಾಕಿದ್ದರು. ಅಂದರೆ ಸದ್ಯಕ್ಕೆ ಪ್ಲಾಟಿನಂ ಇರುವುದು ಒಂದು ಗುಂಡಿಗೆ.

ಇಂಥದ್ದನ್ನು ಓದಿ ಓದಿ ಸಾಕಾಗಿದೆ. ಹಸಿರು ಕಟ್ಟಡ ಅಂದರೆ ನೀರು, ಕರೆಂಟು, ಸಾಮಗ್ರಿಯನ್ನು ಹಿತಮಿತವಾಗಿ ಬಳಸುವ ಕಟ್ಟಡ, ಅದನ್ನು ಬಿಡಿಸಿ ಹೇಳಲು ನಾನಿಲ್ಲಿ ಹೋಗುವುದಿಲ್ಲ. ನನ್ನ ತಕರಾರು ‘ಪ್ರಮಾಣಪತ್ರ’ ಎಂಬ ಪದದ ಬಗ್ಗೆ.

‘ಪ್ರಮಾಣ’ದ ಬೇರು ಸಂಸ್ಕೃತದ ‘ಮಾ’, ಅಂದರೆ ಅಳೆ. ಮಾನ, ಮಾಪನ, ಪರಿಮಾಣ ಎಲ್ಲ ಅದೇ ಬಳ್ಳಿಯ ಕಾಯಿ. ಮಳೆಯ ಪ್ರಮಾಣ, ಔಷಧದ ಪ್ರಮಾಣ ಎನ್ನುವಾಗ ನಾವು ಈ ಅರ್ಥದಲ್ಲೇ ಮಾತಾಡುತ್ತೇವೆ. ಆದರೆ ಕನ್ನಡದಲ್ಲಿ ಪ್ರಮಾಣ ಅಂದರೆ ಆಣೆಯೂ ಹೌದು. ಮಂತ್ರಿಗಳು ಪ್ರಮಾಣ ವಚನ ಸ್ವೀಕರಿಸುತ್ತಾರೆ. ರಾಜಕಾರಣಿಗಳ ಜಗಳ ಜೋರಾದರೆ ‘ಧರ್ಮಸ್ಥಳಕ್ಕೆ ಬಂದು ಪ್ರಮಾಣ ಮಾಡಲಿ’ ಎನ್ನುತ್ತಾರೆ. ಅಲ್ಲಿ ತಕ್ಕಡಿಯೂ ಇಲ್ಲ, ಅಳತೆಯ ಪಟ್ಟಿಯೂ ಇಲ್ಲ. ಮಾತೇ ಎಲ್ಲ.

ಪತ್ರ ಸೇರಿದಾಗಲೂ ಈ ಎರಡು ಮುಖ ಹಾಗೇ ಉಳಿಯುತ್ತವೆ. ಸರ್ಕಾರ ಕೋರ್ಟಿಗೆ ಪ್ರಮಾಣಪತ್ರ ‘ಸಲ್ಲಿಸುತ್ತದೆ’. ಅದು ಅಫಿಡವಿಟ್, ತನ್ನ ಬಗ್ಗೆ ತಾನೇ ಆಣೆ ಮಾಡಿ ಬರೆದು ಕೊಟ್ಟದ್ದು. ವಿದ್ಯಾರ್ಥಿ ಪ್ರಮಾಣಪತ್ರ ‘ಪಡೆಯುತ್ತಾನೆ’. ಅದು ಸರ್ಟಿಫಿಕೇಟ್, ಇನ್ನೊಬ್ಬರು ಪರೀಕ್ಷೆ ಮಾಡಿ ಕೊಟ್ಟದ್ದು. ಪದ ಒಂದೇ, ಕ್ರಿಯಾಪದ ಬದಲಾದರೆ ಅರ್ಥ ತಲೆಕೆಳಗು. ಬ್ರೋಷರ್ ಬರೆಯುವವರು ಈ ಸಂದಿಯಲ್ಲೇ ನುಸುಳುತ್ತಾರೆ. ಗೊತ್ತಿದ್ದು ಮಾಡುತ್ತಾರೋ, ಸುಮ್ನೆ ಬರೆದುಬಿಡುತ್ತಾರೋ, ದೇವರೇ ಬಲ್ಲ.

ಗುಂಡಿಗೆ ಸಿಕ್ಕಿದ ಪ್ಲಾಟಿನಂ ನಿಜಕ್ಕೂ ಪೂರ್ವ ಪ್ರಮಾಣಪತ್ರ, ಅಂದರೆ ಪ್ರೀ ಸರ್ಟಿಫಿಕೇಶನ್. ಐಜಿಬಿಸಿ, ಅಂದರೆ ಭಾರತೀಯ ಹಸಿರು ಕಟ್ಟಡ ಮಂಡಳಿ, ಇದನ್ನು ಕೊಡುತ್ತದೆ. ನಕ್ಷೆ, ಲೆಕ್ಕಾಚಾರ, ಏನೇನು ಮಾಡುತ್ತೇವೆ ಎಂಬ ಮಾತು, ಇಷ್ಟನ್ನು ನೋಡಿ ಕೊಡುವ ಕಾಗದ ಅದು. ಹೇಳಿದ ಹಾಗೆ ಕಟ್ಟಿದರೆ ಈ ದರ್ಜೆ ಸಿಗಬಹುದು ಎಂದಷ್ಟೇ ಅದರ ಅರ್ಥ. ಕಟ್ಟಿ ಮುಗಿದ ಮೇಲೆ ದಾಖಲೆ ಕೊಟ್ಟು ಅಂತಿಮ ಪ್ರಮಾಣಪತ್ರ ಪಡೆಯಬೇಕು. ಪೂರ್ವ ಪ್ರಮಾಣಪತ್ರದಲ್ಲಿ ಮೋಸ ಏನೂ ಇಲ್ಲ. ‘ಪೂರ್ವ’ ಎಂಬ ಎರಡಕ್ಷರ ನುಂಗಿದಾಗ ಮಾತ್ರ ಅದು ಮೋಸ.

ಇನ್ನು ‘ಸರ್ಕಾರದ’ ಎನ್ನುವುದು. ಐಜಿಬಿಸಿ ಸರ್ಕಾರದ್ದಲ್ಲ. ಉದ್ಯಮಿಗಳ ಒಕ್ಕೂಟ ಸಿಐಐ 2001ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಹೈದರಾಬಾದಿನಲ್ಲಿರುವ ಸಿಐಐನ ಗ್ರೀನ್ ಬಿಸಿನೆಸ್ ಸೆಂಟರ್ ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಪಡೆದ ಮೊದಲ ಕಟ್ಟಡ (ಲೀಡ್ ಅಂದರೆ ಅಮೆರಿಕದ ಹಸಿರು ದರ್ಜೆ ಪದ್ಧತಿ). 2004ರಲ್ಲಿ ರಾಷ್ಟ್ರಪತಿ ಕಲಾಂ ಉದ್ಘಾಟಿಸಿದ್ದು ಅದನ್ನೇ. ರಾಷ್ಟ್ರಪತಿ ಬಂದು ಹೋದ ಮಾತ್ರಕ್ಕೆ ಕೊಟ್ಟ ದರ್ಜೆ ಸರ್ಕಾರದ್ದಾಗುವುದಿಲ್ಲ. ಸರ್ಕಾರದ ಕೈ ಸೇರಿರುವುದು ‘ಗೃಹ’ ಎಂಬ ಇನ್ನೊಂದು ದರ್ಜೆ ಪದ್ಧತಿಯಲ್ಲಿ. ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ 2007ರಲ್ಲಿ ತಂದದ್ದು ಇದು. ಐಜಿಬಿಸಿಯದು ಬೆಳ್ಳಿ, ಚಿನ್ನ, ಪ್ಲಾಟಿನಂ ಲೆಕ್ಕ, ಗೃಹದ್ದು ಒಂದರಿಂದ ಐದು ನಕ್ಷತ್ರ.

ನಕ್ಷತ್ರ ಎಂದೊಡನೆ ಎರಡನೇ ಗೊಂದಲ ಶುರು. ಫ್ರಿಜ್ ಮೇಲೆ, ಎಸಿ ಮೇಲೆ ಸ್ಟಾರ್ ಅಂಟಿಸುವ ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೋ, 2009ರಿಂದ ಕಟ್ಟಡಗಳಿಗೂ ಸ್ಟಾರ್ ಕೊಡುತ್ತಿದೆ. ‘ಫೈವ್ ಸ್ಟಾರ್ ಹಸಿರು ಕಟ್ಟಡ’ ಎಂದು ಬರೆದರೆ ಗೃಹದ ಐದೋ, ಬಿಇಇಯ ಐದೋ? ಎರಡೂ ಬೇರೆ ಬೇರೆ ಪ್ರಶ್ನೆಗೆ ಸಿಕ್ಕ ಉತ್ತರ. ಗೃಹ, ಐಜಿಬಿಸಿ, ಲೀಡ್ ಎಲ್ಲವೂ ಅಂಕ ಕೂಡಿಸುವ ಪದ್ಧತಿಗಳು. ನೀರಿಗೆ ಇಷ್ಟು, ಜಾಗಕ್ಕೆ ಇಷ್ಟು, ಸಾಮಗ್ರಿಗೆ ಇಷ್ಟು, ಒಳಗಿನ ಗಾಳಿಗೆ ಇಷ್ಟು, ಕರೆಂಟಿಗೆ ಇಷ್ಟು. ಹಾಗಾಗಿ ಪ್ಲಾಟಿನಂ ಇದೆ ಎಂದ ಮಾತ್ರಕ್ಕೆ ಬಿಲ್ ಅರ್ಧವಾಗಬೇಕಿಲ್ಲ. ಹಸಿರು ಅನ್ನುವುದು ದಕ್ಷತೆಗಿಂತ ಅಗಲವಾದ ಪದ, ಅಷ್ಟೇ ಸಡಿಲವಾದದ್ದೂ ಹೌದು.

ಬಿಇಇ ಕಟ್ಟಡ ಸ್ಟಾರ್ ಹಾಗಲ್ಲ. ಅದು ಕೇಳುವುದು ಮೀಟರನ್ನು. ವರ್ಷವಿಡೀ ಓಡಿದ ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಇಪಿಐ, ಅಂದರೆ ಇಂಧನ ಬಳಕೆಯ ಸೂಚ್ಯಂಕ, ಎನ್ನುತ್ತಾರೆ. 10,000 ಚದರ ಮೀಟರ್ ಕಚೇರಿ ವರ್ಷಕ್ಕೆ 12 ಲಕ್ಷ ಯೂನಿಟ್ ಸುಟ್ಟರೆ ಇಪಿಐ 120. ಯೋಜನೆಯ ಮೊದಲ ಕೋಷ್ಟಕದಲ್ಲಿ, ದೆಹಲಿಯಂಥ ಮಿಶ್ರ ಹವೆಯ ಊರಲ್ಲಿ, ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ಎಸಿ ಇರುವ ಕಚೇರಿಗೆ ಐದು ಸ್ಟಾರ್ ಬೇಕಾದರೆ ಇದು 90ಕ್ಕಿಂತ ಕೆಳಗಿರಬೇಕಿತ್ತು. ನಮ್ಮ 120ಕ್ಕೆ ಮೂರು ಸ್ಟಾರ್. ಇಲ್ಲಿ ‘ಮಾಡುತ್ತೇವೆ’ ನಡೆಯುವುದಿಲ್ಲ, ‘ಮಾಡಿದ್ದೇವೆ’ ಬೇಕು. ‘ಮಾ’ ಧಾತುವಿಗೆ ಮರ್ಯಾದೆ ಸಿಗುವುದು ಇಲ್ಲಿ.

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಅರ್ಧ ಖಾಲಿ ಬಿದ್ದ ಕಟ್ಟಡದ ಇಪಿಐ ಚೆನ್ನಾಗಿಯೇ ಬರುತ್ತದೆ, ಅಲ್ವಾ? ರಾತ್ರಿ ಹಗಲು ದುಡಿಯುವ ಬಿಪಿಒ ಕಟ್ಟಡ ಪಾಪ ಸೋಲುತ್ತದೆ. ಅದಕ್ಕೇ ಬಿಪಿಒಗಳಿಗೆ ವರ್ಷದ ಬದಲು ಗಂಟೆಯ ಲೆಕ್ಕದಲ್ಲಿ ಅಳೆಯುವ ಬೇರೆ ಸೂಚ್ಯಂಕ ಮಾಡಿದ್ದಾರೆ.

ತರ್ಕಶಾಸ್ತ್ರದಲ್ಲಿ ತಿಳಿವಿನ ದಾರಿಗಳಿಗೂ ‘ಪ್ರಮಾಣ’ ಎಂದೇ ಹೆಸರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಹೊಗೆ ನೋಡಿ ಬೆಂಕಿ ಇದೆ ಎಂದು ಊಹಿಸಿದ್ದು ಅನುಮಾನ, ನಂಬಬಹುದಾದವರು ಹೇಳಿದ್ದು ಶಬ್ದ. ಮೀಟರಿನದು ಪ್ರತ್ಯಕ್ಷ. ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿ ಮಾಡಿ ‘ಇಷ್ಟು ಉಳಿಯುತ್ತದೆ’ ಎನ್ನುವುದು ಅನುಮಾನ. ಕನ್ನಡದಲ್ಲಿ ಅನುಮಾನಕ್ಕೆ ಸಂಶಯ ಎಂಬ ಅರ್ಥವೂ ಬಂದಿರುವುದು ಇಲ್ಲಿ ಒಳ್ಳೆಯದೇ ಆಯಿತು. ಬ್ರೋಷರಿನದು ಶಬ್ದ ಎನ್ನೋಣ ಅಂದರೆ ‘ನಂಬಬಹುದಾದವರು’ ಎಂಬ ಷರತ್ತು ಅಡ್ಡ ಬರುತ್ತದೆ.

ಇನ್ನೊಂದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಸಿಬಿಸಿ, ಅಂದರೆ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ, ಪ್ರಮಾಣಪತ್ರ ಅಲ್ಲ, ನಿಯಮಗಳ ಕಟ್ಟು. 2007ರಲ್ಲಿ ಬಂದು 2017ರಲ್ಲಿ ಪರಿಷ್ಕಾರವಾದ ಇದು ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. ವಾಸದ ಮನೆಗಳಿಗೆ 2018ರಲ್ಲಿ ಮೊದಲು ಬಂದ ಇಕೋ ನಿವಾಸ್ ಸಂಹಿತೆ ಇದೆ. ರಾಜ್ಯ ಅಧಿಸೂಚನೆ ಹೊರಡಿಸಿದ ಕಡೆ ಇಂಥ ಸಂಹಿತೆ ಪಾಲಿಸುವುದು ಕಾನೂನಿನ ಕನಿಷ್ಠ. ಅದನ್ನು ಪ್ರಶಸ್ತಿ ಎಂದು ಬೋರ್ಡಿನಲ್ಲಿ ಹಾಕಿಕೊಳ್ಳುವುದು, ಹೆಲ್ಮೆಟ್ ಹಾಕಿದ್ದಕ್ಕೆ ಸನ್ಮಾನ ಕೇಳಿದ ಹಾಗೆ.

ಆ ಬ್ರೋಷರಿನ ಸಾಲು ಹೀಗಿದ್ದರೆ ನನಗೆ ತಕರಾರು ಇರಲಿಲ್ಲ: ‘ನಮ್ಮ ನಕ್ಷೆ ನೋಡಿ ಐಜಿಬಿಸಿ ಪ್ಲಾಟಿನಂ ಪೂರ್ವ ಪ್ರಮಾಣಪತ್ರ ಕೊಟ್ಟಿದೆ, ಅಂತಿಮ ದರ್ಜೆ ಕಟ್ಟಿದ ಮೇಲೆ.’ ಜಾಗ ಸಾಲಲಿಲ್ಲ ಎನ್ನುವಂತಿಲ್ಲ. ಈಜುಕೊಳದ ಚಿತ್ರಕ್ಕೇ ಎರಡು ಪುಟ ಕೊಟ್ಟಿದ್ದರು.