ಪದ ಪರಿಚಯ: ಇನ್‌ಕ್ವೆಸ್ಟ್‌ನಲ್ಲಿ ‘ಅಸಾಧಾರಣ ಪ್ರಕರಣದ ನೆರವು’

ನಮ್ಮ ಪೊಲೀಸ್ ಠಾಣೆಗಳಲ್ಲಿ ಇನ್‌ಕ್ವೆಸ್ಟ್ ಎಂದರೆ ಶವ ಮಹಜರು. ಅಸಹಜ ಸಾವು ಸಂಭವಿಸಿದಾಗ ಪಂಚರ ಸಮಕ್ಷಮದಲ್ಲಿ ದೇಹದ ಮೇಲಿನ ಗಾಯಗಳನ್ನು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವ, ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುವ ಕೆಲಸ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದೇ ಪದಕ್ಕೆ ಬೇರೆಯೇ ತೂಕವಿದೆ. ಅಲ್ಲಿ ಕೊರೊನರ್ ಎಂಬ ನ್ಯಾಯಾಧಿಕಾರಿ ತೆರೆದ ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಕರೆಸಿ, ಸಾವು ಹೇಗಾಯಿತೆಂದು ಕೆಲವೊಮ್ಮೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. (ಮುಂಬಯಿ, ಕೋಲ್ಕತ್ತಗಳಲ್ಲೂ 1871ರ ಕಾಯ್ದೆಯಡಿ ಕೊರೊನರ್‌ಗಳಿದ್ದರು, ಆ ಕಾಯ್ದೆ 1999ರಲ್ಲಿ ರದ್ದಾಯಿತು.)

ಪೊಲೀಸರ ಗುಂಡಿಗೆ ಬಲಿಯಾದಂತಹ ಪ್ರಕರಣಗಳಲ್ಲಿ ಸತ್ತವರ ಕುಟುಂಬಕ್ಕೆ ಈ ವಿಚಾರಣೆಯಲ್ಲಿ ವಕೀಲರನ್ನು ನೇಮಿಸಿಕೊಳ್ಳಲು ಸರ್ಕಾರ ಕೊಡುವ ಹಣವೇ ‘ಅಸಾಧಾರಣ ಪ್ರಕರಣದ ನೆರವು’. ಇದು ಪರಿಹಾರಧನವಲ್ಲ, ಕುಟುಂಬದ ಕೈಗೆ ಬರುವ ಹಣವೂ ಅಲ್ಲ. ಇದನ್ನು ‘ಅಸಾಧಾರಣ’ ಎಂದು ಏಕೆ ಕರೆದರೆಂಬುದು ತಿಳಿಯಬೇಕಾದರೆ ಇನ್‌ಕ್ವೆಸ್ಟಿನ ಸ್ವರೂಪವನ್ನು ನೋಡಬೇಕು.

ಅಲ್ಲಿನ 2009ರ ಕಾಯ್ದೆಯ ಪ್ರಕಾರ ಇನ್‌ಕ್ವೆಸ್ಟ್ ಉತ್ತರಿಸಬೇಕಾದ ಪ್ರಶ್ನೆಗಳು ನಾಲ್ಕು: ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ. ಪೊಲೀಸರ ಕೃತ್ಯದಿಂದಾದ ಸಾವಾದರೆ 7ರಿಂದ 11 ಸಾಮಾನ್ಯ ನಾಗರಿಕರ ಜ್ಯೂರಿ, ಅಂದರೆ ನಿರ್ಣಯ ಕೊಡುವ ತಂಡ, ಇರಲೇಬೇಕು. ಆದರೆ ಹೆಸರಿಸಿದ ವ್ಯಕ್ತಿಯೊಬ್ಬ ಅಪರಾಧಿ ಎಂದು ತೋರುವ ಹಾಗೆ ಜ್ಯೂರಿ ತನ್ನ ನಿರ್ಣಯವನ್ನು ಬರೆಯುವಂತಿಲ್ಲ. ಇದನ್ನೇ ಹಿಡಿದು, ಇಲ್ಲಿ ವಾದಿಯೂ ಇಲ್ಲ ಪ್ರತಿವಾದಿಯೂ ಇಲ್ಲ, ಸತ್ಯ ಹುಡುಕಲು ಕೊರೊನರ್ ಇದ್ದಾರೆ, ಆದ್ದರಿಂದ ಕುಟುಂಬಕ್ಕೆ ವಕೀಲರ ಅಗತ್ಯವಿಲ್ಲ ಎಂಬ ವಾದವನ್ನು ಕಟ್ಟಲಾಯಿತು. ಇನ್‌ಕ್ವೆಸ್ಟಿನಲ್ಲಿ ವಕಾಲತ್ತು ವಹಿಸುವ ಕೆಲಸವು ಸಾಮಾನ್ಯ ಕಾನೂನು ನೆರವಿನ ವ್ಯಾಪ್ತಿಯಿಂದ ಹೊರಗುಳಿದದ್ದು ಈ ವಾದದ ಬಲದಿಂದಲೇ. ಆ ನಿಯಮಕ್ಕೆ ಅಪವಾದವಾಗಿ ಕೊಡುವ ನೆರವಾದ್ದರಿಂದ ಇದು ‘ಅಸಾಧಾರಣ’.

ಕಾಗದದ ಮೇಲೆ ಪಕ್ಷಗಳಿಲ್ಲದಿದ್ದರೂ ಕೋಣೆಯಲ್ಲಿ ಅವು ಕಣ್ಣಿಗೆ ಕಾಣುತ್ತವೆ. ಪೊಲೀಸ್ ಇಲಾಖೆಗೆ ಒಬ್ಬ ಬ್ಯಾರಿಸ್ಟರ್, ಗುಂಡು ಹಾರಿಸಿದವರಿಗೆ ಇನ್ನೊಬ್ಬರು, ಆದೇಶ ಕೊಟ್ಟ ಮೇಲಧಿಕಾರಿಗಳಿಗೆ ಬೇರೆಯವರು, ಎಲ್ಲರ ಹಿಂದೆಯೂ ಕಡತ ಹಿಡಿದ ಸಹಾಯಕರು. ಇಲಾಖೆಯ ವಕೀಲರಿಗೆ ಹೋಗುವುದು ಸಾರ್ವಜನಿಕರ ದುಡ್ಡು. ಅದಕ್ಕಾಗಿ ಇಲಾಖೆ ಯಾರ ಮುಂದೆಯೂ ತನ್ನ ಬಡತನವನ್ನು ಸಾಬೀತುಪಡಿಸಬೇಕಾಗಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೂ ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕಿದೆ, ನಿಜ. ಆದರೆ ಗುಂಡು ಯಾವ ಕೋನದಿಂದ ಬಂತೆಂಬ ತಜ್ಞರ ವರದಿ, ವೈರ್‌ಲೆಸ್ ಸಂಭಾಷಣೆಯ ದಾಖಲೆ, ಅಧಿಕಾರಿಗಳ ಹೇಳಿಕೆಗಳು, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಿ ನುರಿತ ಅಧಿಕಾರಿಯನ್ನು ಪಾಟೀಸವಾಲಿಗೆ ಒಳಪಡಿಸು ಎಂದು ಆ ತಾಯಿಗೆ ಹೇಳುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ ಕೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. 2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ, ಬ್ರೆಜಿಲ್ ಮೂಲದ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜಿಸ್ ಅವರನ್ನು ಆತ್ಮಾಹುತಿ ಬಾಂಬರ್ ಎಂದು ತಪ್ಪಾಗಿ ಭಾವಿಸಿದ ಪೊಲೀಸರು ರೈಲಿನೊಳಗೇ ಗುಂಡಿಟ್ಟು ಕೊಂದರು. ಇನ್‌ಕ್ವೆಸ್ಟ್ ನಡೆದದ್ದು 2008ರಲ್ಲಿ. ‘ಚಾರ್ಲಿ 12’ ಎಂಬ ಗುಪ್ತನಾಮದ ಅಧಿಕಾರಿ ತಾನು ‘ಆರ್ಮ್ಡ್ ಪೊಲೀಸ್’ ಎಂದು ಕೂಗಿದೆ, ಆತ ತನ್ನತ್ತ ಬಂದ ಎಂದು ಸಾಕ್ಷ್ಯ ನುಡಿದರು. ಬೋಗಿಯಲ್ಲಿದ್ದ ಪ್ರಯಾಣಿಕರ ಮಾತನ್ನೂ ಕೇಳಿದ ಜ್ಯೂರಿ, ಕೂಗಿದರೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದಿತು. ಆತ ಅಧಿಕಾರಿಯತ್ತ ಬಂದರೇ ಎಂಬುದಕ್ಕೂ ‘ಇಲ್ಲ’ ಎಂದಿತು. ಕಾನೂನುಬಾಹಿರ ಹತ್ಯೆ ಎಂಬ ನಿರ್ಣಯಕ್ಕೆ ಅವಕಾಶವಿಲ್ಲವೆಂದು ಕೊರೊನರ್ ಮೊದಲೇ ಹೇಳಿಬಿಟ್ಟಿದ್ದರಿಂದ ಜ್ಯೂರಿ, ಯಾವ ನಿರ್ದಿಷ್ಟ ನಿರ್ಣಯಕ್ಕೂ ಬಾರದ ‘ಓಪನ್ ವರ್ಡಿಕ್ಟ್’ ಕೊಟ್ಟಿತು. ಆದರೂ ಆ ಎರಡು ‘ಇಲ್ಲ’ಗಳು ದಾಖಲೆಯಲ್ಲಿ ಉಳಿದವು.

ನೆರವಿನ ಬಾಗಿಲು ತೆರೆದದ್ದು ಮಾನವ ಹಕ್ಕುಗಳ ಕಾನೂನಿನಿಂದ. 1992ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಪಿಯರ್ಸ್ ಜೋರ್ಡನ್ ಅವರ ಪ್ರಕರಣದಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು 2001ರಲ್ಲಿ ತೀರ್ಪು ಕೊಟ್ಟಿತು. ಪ್ರಭುತ್ವದ ಕೈಯಿಂದ ಸಾವಾದಾಗ ನಡೆಯುವ ತನಿಖೆಯಲ್ಲಿ ಹತ್ತಿರದ ಬಂಧುಗಳು ತಮ್ಮ ಹಿತ ಕಾಯ್ದುಕೊಳ್ಳುವಷ್ಟರಮಟ್ಟಿಗೆ ಪಾಲ್ಗೊಳ್ಳುವಂತಿರಬೇಕು ಎಂದ ಆ ತೀರ್ಪು, ಕುಟುಂಬಕ್ಕೆ ಕಾನೂನು ನೆರವು ಸಿಗದಿದ್ದದ್ದನ್ನೂ ವಿಚಾರಣೆಯ ಲೋಪಗಳಲ್ಲೊಂದಾಗಿ ಎಣಿಸಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಕಾನೂನು ನೆರವು ಕಾಯ್ದೆಯ 10ನೇ ಸೆಕ್ಷನ್ ಅಡಿಯಲ್ಲಿ ಎರಡು ದಾರಿಗಳಿವೆ. ಒಂದು, ಜೀವಿಸುವ ಹಕ್ಕನ್ನು ಹೇಳುವ ಯುರೋಪಿಯನ್ ಒಡಂಬಡಿಕೆಯ 2ನೇ ವಿಧಿಯ ಹೊಣೆ ಈಡೇರಲು ನೆರವು ಅಗತ್ಯವೆಂದು ತೋರಿಸುವುದು. ಇನ್ನೊಂದು, ಆ ಕುಟುಂಬವನ್ನು ಮೀರಿದ ವಿಶಾಲ ಸಾರ್ವಜನಿಕ ಹಿತ ಇದರಲ್ಲಿದೆ ಎಂದು ತೋರಿಸುವುದು. ಪೊಲೀಸರ ಗುಂಡಿನಿಂದಾದ ಸಾವಿಗೆ ಮೊದಲನೆಯ ದಾರಿಯೇ ನೇರ.

ಬಹುಕಾಲ ಇದಕ್ಕೆ ಆದಾಯ ಪರೀಕ್ಷೆಯೂ ಇತ್ತು. ಅಂತ್ಯಕ್ರಿಯೆಯ ಆಸುಪಾಸಿನಲ್ಲೇ ಮನೆಯವರು ಬ್ಯಾಂಕ್ ವಿವರ, ಸಂಬಳದ ಚೀಟಿಗಳನ್ನು ಒಟ್ಟುಮಾಡಿ ಅರ್ಜಿಗೆ ಲಗತ್ತಿಸಬೇಕಾಗುತ್ತಿತ್ತು. ಆದಾಯ ಮಿತಿ ದಾಟಿದ್ದರೆ ವಿನಾಯಿತಿಗೆ ಬೇಡಿಕೊಳ್ಳಬೇಕಿತ್ತು. ಪೊಲೀಸ್ ವಶದಲ್ಲಿನ ಸಾವುಗಳನ್ನು ಪರಿಶೀಲಿಸಿದ ಡೇಮ್ ಎಲಿಶ್ ಆಂಜಿಯೋಲಿನಿ ಅವರು 2017ರ ವರದಿಯಲ್ಲಿ ಈ ಪರೀಕ್ಷೆಯಿಲ್ಲದ ಉಚಿತ ನೆರವನ್ನು ಸಾವಾದ ಕೂಡಲೇ ಕೊಡಬೇಕೆಂದು ಶಿಫಾರಸು ಮಾಡಿದರು. 2022ರ ಜನವರಿಯಲ್ಲಿ ಅಸಾಧಾರಣ ನೆರವಿಗೆ ಮಾತ್ರ ಆದಾಯ ಪರೀಕ್ಷೆ ರದ್ದಾಯಿತು. ಅರ್ಜಿ ಹಾಕಿ ಒಪ್ಪಿಗೆ ಪಡೆಯುವ ಕ್ರಮ ಹಾಗೆಯೇ ಉಳಿಯಿತು. ‘ಹಿಲ್ಸ್‌ಬರೋ ಕಾನೂನು’ ಎಂದು ಜನ ಕರೆಯುವ, 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆಯು, ಸರ್ಕಾರಿ ಸಂಸ್ಥೆ ಭಾಗಿಯಾದ ಇನ್‌ಕ್ವೆಸ್ಟ್‌ಗಳಲ್ಲಿ ಕುಟುಂಬದ ವಕೀಲರ ವೆಚ್ಚವನ್ನು ಆದಾಯ ನೋಡದೆ ಭರಿಸುವ ಪ್ರಸ್ತಾವವನ್ನು ಒಳಗೊಂಡಿದೆ. ಆ ಹೆಸರು ಬಂದದ್ದು 1989ರ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ದುರಂತದಿಂದ; ಅದರಲ್ಲಿ 97 ಜನರನ್ನು ಕಳೆದುಕೊಂಡ ಕುಟುಂಬಗಳಲ್ಲಿ ಹಲವು, ಮೊದಲ ಇನ್‌ಕ್ವೆಸ್ಟ್‌ಗೆ ತಮ್ಮೊಳಗೇ ಹಣ ಕೂಡಿಸಿ ಒಬ್ಬರೇ ಬ್ಯಾರಿಸ್ಟರ್ ಅವರನ್ನು ಇಟ್ಟುಕೊಂಡಿದ್ದವು.

ನೆರವು ಮಂಜೂರಾಗುವುದು ಎಷ್ಟು ಮುಖ್ಯವೋ, ಯಾವಾಗ ಮಂಜೂರಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಜ್ಯೂರಿ ಬಂದು ಕೂರುವ ಎಷ್ಟೋ ಮೊದಲು ಪೂರ್ವಭಾವಿ ವಿಚಾರಣೆಗಳು ನಡೆಯುತ್ತವೆ. ಯಾವ ಸಾಕ್ಷಿಗಳನ್ನು ಕರೆಯಬೇಕು, ಯಾವ ದಾಖಲೆಗಳು ಕುಟುಂಬದ ಕೈಸೇರಬೇಕು, ಗುಂಡು ಹಾರಿಸಿದವರಿಗೆ ‘ಚಾರ್ಲಿ 12’ರಂತಹ ಗುಪ್ತನಾಮ ಕೊಡಬೇಕೇ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿ. ಇಲಾಖೆಯ ವಕೀಲರು ಆ ಮೊದಲ ದಿನವೇ ಹಾಜರಿರುತ್ತಾರೆ.