ಮರಳುನಾಡಿಗೆ ಹೊರಟವರ ಮಾತ್ರೆ ಡಬ್ಬಿ

ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೊರಟುನಿಂತ ಹಿರಿಯರು ನನ್ನ ಚಿಕಿತ್ಸಾಲಯಕ್ಕೆ ಬಂದಾಗ ಕೇಳುವ ಪ್ರಶ್ನೆಗಳೆಲ್ಲ ಬಿಸಿಲಿನ ಸುತ್ತಲೇ ಇರುತ್ತವೆ. ಯಾವ ಕ್ರೀಮು ಹಚ್ಚಬೇಕು, ಕೊಡೆ ಒಯ್ಯಬೇಕೇ, ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು ಎಂದು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಗಳೇ ಇವು. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈಯಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ; 2024ರ ಹಜ್ ಯಾತ್ರೆಯ ಬಿಸಿಲಿನ ದಿನಗಳಲ್ಲಿ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರವೇ ಪ್ರಕಟಿಸಿತು. ಆದರೂ ಮಗನ ಮನೆಯಿಂದ ಕಾರಿಗೆ, ಕಾರಿನಿಂದ ಮಾಲ್‌ಗೆ ಹೋಗಿಬರುವ ನಮ್ಮ ಹಿರಿಯರ ವಿಷಯದಲ್ಲಿ ನನಗಿರುವ ಆತಂಕ ಅವರ ಪೆಟ್ಟಿಗೆಯೊಳಗಿನ ಒಂದು ವಸ್ತುವಿನ ಬಗ್ಗೆ. ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿ, ಹಳೆಯ ಹಾರ್ಲಿಕ್ಸ್ ಬಾಟಲಿಗೋ ಪ್ಲಾಸ್ಟಿಕ್ ಡಬ್ಬಿಗೋ ತುಂಬಿಟ್ಟ ಮೂರು ತಿಂಗಳ ಮಾತ್ರೆಗಳು ಅವು.

ಇದನ್ನು ನಾನು ಎಷ್ಟು ಬಾರಿ ಹೇಳಿದರೂ ಸಾಲುತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಸ್ಟ್ರಿಪ್ಪಿನಿಂದ ಹೊರಬಂದ ಮಾತ್ರೆಗೆ ಹೆಸರಿಲ್ಲ, ತಯಾರಕರ ಗುರುತಿಲ್ಲ, ಅವಧಿ ಮುಗಿಯುವ ತಾರೀಕಿಲ್ಲ. ವಿಮಾನ ನಿಲ್ದಾಣದ ಸುಂಕ ಅಧಿಕಾರಿಯ ಕಣ್ಣಿಗೆ ಅದು ಬಿಳಿಯದೋ ಹಳದಿಯದೋ ಆದ ಒಂದು ಗುಳಿಗೆ ಮಾತ್ರ. ಅದು ಏನೆಂದು ತಿಳಿಸುವ ಹೊಣೆ ಅದನ್ನು ತಂದವರದ್ದು. ಅರಬ್ಬಿಯೂ ಇಂಗ್ಲಿಷೂ ಬಾರದ ಎಪ್ಪತ್ತು ವರ್ಷದ ತಾಯಿಯೊಬ್ಬರು ನಡುರಾತ್ರಿ ಇಳಿದ ವಿಮಾನದಿಂದ ಬಂದು ಆ ಹೊಣೆಯನ್ನು ನಿಭಾಯಿಸಲಾರರು. ಹೆಚ್ಚಿನ ಸಲ ಯಾರೂ ತಡೆಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕಳೆದ ಸಲ ಯಾರೂ ಕೇಳಲಿಲ್ಲವಲ್ಲ ಎಂಬ ಧೈರ್ಯ ನಮ್ಮವರಲ್ಲಿ ಬೆಳೆದದ್ದೂ ಅದರಿಂದಲೇ.

ಇನ್ನು ಮಾತ್ರೆಯ ಹೆಸರು ಗೊತ್ತಿದ್ದರೂ ಮುಗಿಯಲಿಲ್ಲ. ಇಲ್ಲಿ ಔಷಧದಂಗಡಿಯಲ್ಲಿ ಚೀಟಿ ತೋರಿಸಿದರೆ, ಕೆಲವೊಮ್ಮೆ ತೋರಿಸದಿದ್ದರೂ, ಕೈಗೆ ಬರುವ ಹಲವು ಔಷಧಗಳು ಯುಎಇ, ಸೌದಿ ಅರೇಬಿಯದಂಥ ದೇಶಗಳಲ್ಲಿ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿವೆ. ನೋವಿಗೆ ಕೊಡುವ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ರೆಗೆಂದೋ ಎದೆಬಡಿತಕ್ಕೆಂದೋ ವರ್ಷಗಟ್ಟಲೆ ನುಂಗುವ ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಇವೆಲ್ಲ ಆ ಗುಂಪಿನವು. ಟ್ರಮಡಾಲ್ ನಮ್ಮಲ್ಲಿಯೂ 2018ರಿಂದ ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ ಎಂಬುದು ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಮಂಡಿನೋವಿನ ಮಾತ್ರೆಯನ್ನು ನುಂಗುವ ಎಷ್ಟೋ ಮಂದಿಗೆ ತಿಳಿದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಪ್ರಿಗಾಬಲಿನ್. ಮಧುಮೇಹಿಗಳ ಪಾದದ ಉರಿಗೆ, ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಇದನ್ನು ಮೀಥೈಲ್‌ಕೊಬಾಲಮಿನ್ ಎಂಬ ಬಿ12 ವಿಟಮಿನ್ನಿನೊಡನೆ ಒಂದೇ ಕ್ಯಾಪ್ಸೂಲಿನಲ್ಲಿ ಕೂಡಿಸಿ ಮಾರುತ್ತಾರೆ. ಕೊಡುವಾಗ ಯಾರೋ "ಇದು ನರಕ್ಕೆ, ವಿಟಮಿನ್" ಎಂದಿರುತ್ತಾರೆ. ರೋಗಿಯ ನೆನಪಿನಲ್ಲಿ ವಿಟಮಿನ್ ಎಂಬ ಒಂದೇ ಮಾತು ಉಳಿಯುತ್ತದೆ, ಪ್ರಿಗಾಬಲಿನ್ ಮರೆತುಹೋಗುತ್ತದೆ. ಆದ್ದರಿಂದ "ನಿಯಂತ್ರಿತ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ, ಮತ್ತು ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಈ ಕಾರಣಕ್ಕಾಗಿ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿ ತನ್ನಿ ಎನ್ನುತ್ತೇನೆ.

ಹಾಗೆ ಚೀಲ ತಂದವರಲ್ಲಿ ಶಾರ್ಜಾದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇದ್ದರು. ಶಾಲೆಯ ಹಾಜರಿ ಪುಸ್ತಕದಷ್ಟೇ ಅಚ್ಚುಕಟ್ಟಾಗಿ ಎಲ್ಲವನ್ನೂ ಜೋಡಿಸಿಕೊಂಡಿದ್ದ ಅವರು ಮಾತ್ರೆಗಳನ್ನು ಮಾತ್ರ ಒಂದೇ ಡಬ್ಬಿಗೆ ಸುರಿದಿದ್ದರು. ಏಕೆಂದು ಕೇಳಿದೆ. "ಡಾಕ್ಟ್ರೇ, ಸ್ಟ್ರಿಪ್ಪು ಇಟ್ಟರೆ ತುಂಬಾ ಜಾಗ ಹೋಗ್ತದೆ. ಮಗಳಿಗೆ ಹಪ್ಪಳ, ಸಂಡಿಗೆ ಇಡ್ಲಿಕ್ಕೆ ಜಾಗ ಬೇಕಲ್ಲ?" ಎಂದರು. ಬಣ್ಣ ನೋಡಿ ಯಾವುದು ಯಾವುದೆಂದು ಹೇಳುತ್ತ ಹೋದವರು ಒಂದೇ ಬಗೆಯ ಎರಡು ಬಿಳಿ ಮಾತ್ರೆಗಳ ಹತ್ತಿರ ಬಂದು ನಿಂತರು. ಒಂದು ಅವರ ರಕ್ತದೊತ್ತಡದ್ದು. ಇನ್ನೊಂದು, ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ನೆನಪಾಯಿತು, ಪಕ್ಕದ ಮನೆಯವರು "ಮಂಡಿಗೆ ಭಾರೀ ಒಳ್ಳೆಯದು" ಎಂದು ಕೊಟ್ಟದ್ದು. ಫೋನು ಮಾಡಿಸಿ ಆ ಮನೆಯಲ್ಲಿದ್ದ ಸ್ಟ್ರಿಪ್ಪಿನ ಹಿಂಬದಿಯನ್ನು ಓದಿಸಿದಾಗ ಅದರಲ್ಲಿ ಟ್ರಮಡಾಲ್ ಇತ್ತು. ಅವರಿಗೆ ಸಿಟ್ಟು ಬಂದದ್ದು ಪಕ್ಕದ ಮನೆಯವರ ಮೇಲಲ್ಲ, ನನ್ನ ಮೇಲೆ. ಅಷ್ಟು ಒಳ್ಳೆಯ ಮಾತ್ರೆಯನ್ನು ನಾನು ಕಸದ ಬುಟ್ಟಿಗೆ ಹಾಕಿದೆನೆಂದು. ಹೋಗಿ ಬಂದು, ಮೊಮ್ಮಗುವಿನ ಫೋಟೊ ತೋರಿಸುವಾಗಲೂ ಅದನ್ನು ನೆನಪಿಸಿದರು.

ಹಾಗಾದರೆ ಒಯ್ಯುವುದು ಹೇಗೆ? ಪ್ರತಿಯೊಂದು ಔಷಧವೂ ಅದರ ಸ್ಟ್ರಿಪ್ಪಿನಲ್ಲೇ ಇರಬೇಕು. ಅರ್ಧ ಕತ್ತರಿಸಿದ ಸ್ಟ್ರಿಪ್ಪಾದರೆ ಹೆಸರೂ ಅವಧಿಯೂ ಇರುವ ಭಾಗ ಉಳಿದಿರಬೇಕು. ಇತ್ತೀಚಿನ ದಿನಾಂಕದ ಚೀಟಿಯಲ್ಲಿ ವೈದ್ಯರು ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಜೆನೆರಿಕ್ ಹೆಸರನ್ನೂ (ಕಂಪನಿ ಇಟ್ಟದ್ದಲ್ಲದ, ಮೂಲ ಔಷಧದ ಹೆಸರು), ಪ್ರಮಾಣವನ್ನೂ, ಯಾವ ಕಾಯಿಲೆಗೆಂಬುದನ್ನೂ ಬರೆದು ತಮ್ಮ ನೋಂದಣಿ ಸಂಖ್ಯೆಯೊಡನೆ ಸಹಿ, ಮೊಹರು ಹಾಕಿರಬೇಕು. ನಮ್ಮ ಬ್ರ್ಯಾಂಡ್ ಹೆಸರುಗಳು ಅಲ್ಲಿಯ ಔಷಧದಂಗಡಿಯವರಿಗೆ ಅಪರಿಚಿತ, ಆದ್ದರಿಂದ ಮಾತ್ರೆ ಕಳೆದುಹೋದರೂ ಜೆನೆರಿಕ್ ಹೆಸರೇ ಕೈಹಿಡಿಯುತ್ತದೆ. ಚೀಟಿಯಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕೆಂಬುದನ್ನು ವೈದ್ಯರಾದ ನಾವೂ ಗಮನಿಸುವುದಿಲ್ಲ. ಊರಿನಲ್ಲಿ ಗಿರಿಜಕ್ಕ, ನಮ್ಮ ಕಡತದಲ್ಲಿ ಬರೀ ಗಿರಿಜಾ ಕೆ., ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರನ್ನೂ ಗಂಡನ ಹೆಸರನ್ನೂ ಸೇರಿಸಿಕೊಂಡ ಉದ್ದದ ಹೆಸರು. ಈ ಮೂವರೂ ಒಬ್ಬರೇ ಎಂದು ಅಲ್ಲಿಯ ಅಧಿಕಾರಿ ಊಹಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪಟ್ಟಿಯಲ್ಲಿರುವ ಔಷಧವನ್ನು ಒಯ್ಯಲೇಬೇಕಿದ್ದರೆ ಹೊರಡುವ ಮೊದಲೇ ಆ ದೇಶದ ಅನುಮತಿ ಪಡೆಯಬೇಕಾಗುತ್ತದೆ. ಯುಎಇಯಲ್ಲಿಯೂ ಸೌದಿಯಲ್ಲಿಯೂ ಇದಕ್ಕೆ ಆನ್‌ಲೈನ್ ಅರ್ಜಿಯ ವ್ಯವಸ್ಥೆ ಇದೆ. ಪಟ್ಟಿಗಳೂ ಎಷ್ಟು ದಿನಕ್ಕಾಗುವಷ್ಟು ತರಬಹುದೆಂಬ ಮಿತಿಗಳೂ ಬದಲಾಗುತ್ತಿರುತ್ತವೆ, ದೇಶದಿಂದ ದೇಶಕ್ಕೂ ಬೇರೆ. ಹಾಗಾಗಿ ನನ್ನ ಮಾತನ್ನಾಗಲಿ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರ ಮಾತನ್ನಾಗಲಿ ಕೊನೆಯದೆಂದು ಭಾವಿಸದೆ, ಅಲ್ಲಿರುವ ಮಗನೋ ಮಗಳೋ ಸರಕಾರಿ ಜಾಲತಾಣವನ್ನು ಆಯಾ ತಿಂಗಳಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಬಾಣಂತನದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಗಸಗಸೆ ಒಯ್ಯಬೇಡಿ. ಅಫೀಮಿನ ಗಿಡದ ಬೀಜವಾದ ಅದರ ಮೇಲ್ಮೈಯಲ್ಲಿ ಕಾಯಿಯ ಹಾಲಿನಿಂದ ಮಾರ್ಫಿನ್ನಿನ ಅಂಶ ಅಂಟಿಕೊಂಡಿರಬಹುದು. ಯುಎಇ, ಸೌದಿಗಳಲ್ಲಿ ಅದು ನಿಷಿದ್ಧ ವಸ್ತು. ಪಾಯಸಕ್ಕೆಂದು ತಂದ ಹಿಡಿಯಷ್ಟಾದರೂ ನಿಷಿದ್ಧವೇ, ಮಸಾಲೆ ಪುಡಿಯಲ್ಲೋ ಲೇಹ್ಯದಲ್ಲೋ ಬೆರೆತಿದ್ದರೂ ಅನುಮಾನಕ್ಕೆ ಎಡೆಯಾಗುತ್ತದೆ. ಮನೆಯಲ್ಲಿ ಕುದಿಸಿ ಇಳಿಸಿದ, ಲೇಬಲ್ ಇಲ್ಲದ ಬಾಣಂತಿ ಮದ್ದುಗಳನ್ನು ಪ್ರೀತಿಯಿಂದ ಮಾಡಿರುತ್ತಾರೆಂದು ನನಗೆ ಗೊತ್ತು, ಆದರೆ ಅವನ್ನು ವಿಮಾನ ಹತ್ತಿಸದಿರುವುದೇ ಲೇಸು. ಯುಎಇಯ ನಿಷಿದ್ಧ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ. ಊಟದ ನಂತರ ಎಲೆ ಅಡಿಕೆ ಇಲ್ಲದೆ ಕೂರಲಾರದವರಿಗೆ ಇದು ನಿಜಕ್ಕೂ ಕಷ್ಟದ ಸುದ್ದಿ.

ಬಿಸಿಲಿಗೂ ಔಷಧಕ್ಕೂ ನೇರ ಸಂಬಂಧ ಬರುವುದು ಇನ್ಸುಲಿನ್ ವಿಷಯದಲ್ಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವುದನ್ನು ಸಾಮಾನ್ಯವಾಗಿ 30 ಡಿಗ್ರಿಗಿಂತ ಕೆಳಗೆ ಸುಮಾರು ನಾಲ್ಕು ವಾರ ಇಡಬಹುದು. ಚೆಕ್-ಇನ್ ಪೆಟ್ಟಿಗೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದಾದ್ದರಿಂದ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಮಂಜುಗಡ್ಡೆಗೆ ನೇರವಾಗಿ ತಾಗಿಸಲೂಬಾರದು. ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲಗಳು ನೀರು ಆವಿಯಾಗುವುದರಿಂದ ತಣ್ಣಗಾಗುವಂಥವು. ಒಳನಾಡಿನ ಒಣ ಮರಳುಗಾಡಿನಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆಗಸ್ಟ್ ತಿಂಗಳಲ್ಲಿ ದುಬೈ, ದೋಹಾದಂಥ ಕಡಲಂಚಿನ ಊರುಗಳ ಸೆಕೆಯಲ್ಲಿ, ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗದ ದಿನಗಳಂತೆಯೇ, ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವಾದರೂ ಇನ್ಸುಲಿನ್ ಬಿಟ್ಟುಹೋಗಬಾರದು.

ರಕ್ತದೊತ್ತಡದ ಮಾತ್ರೆಯ ಹೆಸರಿನ ಕೊನೆಯಲ್ಲಿ 'ಎಚ್' ಎಂಬ ಅಕ್ಷರವಿದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಇರುವ ಸಾಧ್ಯತೆ ಹೆಚ್ಚು. ಮಧುಮೇಹಕ್ಕೆ ಈಚೆಗೆ ವ್ಯಾಪಕವಾಗಿ ಕೊಡುವ ಡಾಪಾಗ್ಲಿಫ್ಲೋಜಿನ್ ಕೂಡ ಸಕ್ಕರೆಯೊಡನೆ ನೀರನ್ನೂ ಹೊರಹಾಕುತ್ತದೆ. ಈ ಎರಡರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರು ಸುಡುಬಿಸಿಲಿನ ತಿಂಗಳುಗಳಲ್ಲಿ ಹೊರಟರೆ ಪ್ರಮಾಣ ಬದಲಿಸಬೇಕೇ ಎಂದು ತಮ್ಮ ವೈದ್ಯರನ್ನು ಕೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ವಾಂತಿಭೇದಿಗೆಂದು ಒಂದೆರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡರೆ ಸಾಕು. ಬಟ್ಟೆಯ ಬಗ್ಗೆ ಹೇಳುವುದು ಕಡಿಮೆ: ತೋಳು ಮುಚ್ಚುವ ಸಡಿಲವಾದ ಹತ್ತಿಯ ಬಟ್ಟೆ, ಮತ್ತು ನಂಬಿದರೆ ನಂಬಿ, ಒಂದು ಸ್ವೆಟರ್. ಏಸಿಯ ಚಳಿಗೂ ಡಿಸೆಂಬರ್, ಜನವರಿಯ ಮರುಭೂಮಿಯ ರಾತ್ರಿಗೂ ಅದು ಬೇಕಾಗುತ್ತದೆ.

ಕೊನೆಯದಾಗಿ, ದಯವಿಟ್ಟು ಹೊರಡುವ ಹಿಂದಿನ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬರಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ಕ್ಲೋನಜೆಪಾಮನ್ನಾಗಲಿ ಪ್ರಿಗಾಬಲಿನ್ನನ್ನಾಗಲಿ ನಿಯಮದ ಭಯದಿಂದ ಒಂದೇ ದಿನಕ್ಕೆ ನಿಲ್ಲಿಸಿದರೆ ನಿದ್ರೆ ಕೆಡುವುದರಿಂದ ಹಿಡಿದು ಕೆಲವರಲ್ಲಿ ಅಪಸ್ಮಾರದವರೆಗೂ ತೊಂದರೆಯಾಗಬಹುದು. ಅದನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ಅದರ ಬದಲಿಗೆ ಕೊಟ್ಟ ಮಾತ್ರೆ ಮೈಗೆ ಒಗ್ಗುತ್ತದೆಯೇ ಎಂದು ಇಲ್ಲಿರುವಾಗಲೇ ಕೆಲವು ದಿನ ನೋಡಬೇಕು, ಒಗ್ಗದಿದ್ದರೆ ಅನುಮತಿಗೆ ಅರ್ಜಿ ಹಾಕಲು ಸಮಯವಿರಬೇಕು. ಟಿಕೆಟ್ ಆದ ವಾರವೇ ಮಾತ್ರೆ ಚೀಲದೊಡನೆ ಬಂದರೆ ಇಷ್ಟನ್ನೂ ನಿಧಾನವಾಗಿ ಮಾಡಬಹುದು.